ಮೂಡಬಿದಿರೆಯ ಚೌಟರ ಅರಮನೆ

ಮೂಡಬಿದಿರೆಯೆಂದೊಡನೆ ವಿದ್ವಾಂಸರ ಮನಸ್ಸು 1430ರ ತ್ರಿಭುವನತಿಲಕ ಚೂಡಾಮಣಿ ಬಸದಿಯ ಕಡೆಗೂ ಧವಲಾದಿ ಸಿದ್ಧಾಂತಗ್ರಂಥಗಳ ತಾಡಪತ್ರಗಳನ್ನು ಕಾಪಾಡಿಕೊಂಡು ಬಂದ ಸಿದ್ಧಾಂತ ಬಸದಿಯ ಕಡೆಗೂ ಹರಿಯುವುದು ಸಹಜ. ಅದೇ ಊರಿನ ಚೌಟರ ಅರಮನೆಯನ್ನು ಮಾತ್ರ ಶಿಲ್ಪಾಸಕ್ತರಿಗೆ ಬಿಟ್ಟುಕೊಟ್ಟಂತಾಗಿದೆ. ಜೈನಸಮಾಜದ ಇತಿಹಾಸಕ್ಕೆ ಬಸದಿಯಷ್ಟೇ ವಾಸಗೃಹವೂ ಸಾಕ್ಷಿಯೆಂಬುದನ್ನು ಮರೆಯಲಾಗದು.

ಚೌಟರು ತುಳುನಾಡಿನ ಜೈನ ಅರಸು ಮನೆತನಗಳಲ್ಲಿ ಒಂದು. ಪುತ್ತಿಗೆ ಮತ್ತು ಉಳ್ಳಾಲಗಳು ಇವರ ರಾಜಧಾನಿಗಳಾಗಿದ್ದುವು. ಮೂಡಬಿದಿರೆಯ ಅರಮನೆ 17ನೆಯ ಶತಮಾನದ್ದೆಂದು ಎಣಿಸಲಾಗಿದೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಈ ವಂಶದವಳೇ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ಕಂಡದ್ದೂ ಉಳ್ಳಾಲದ ರಾಣಿಯನ್ನೇ. 16ನೆಯ ಶತಮಾನದ ನಡುವಿನಲ್ಲಿ ಪೋರ್ಚುಗೀಸರೊಡನೆ ಸೆಣಸಿದವಳೂ ಈಕೆಯೂ ಒಬ್ಬಳೇ ಎಂಬ ಜನಪ್ರಿಯ ನಿರೂಪಣೆ ಕಾಲಗಣನೆಗೆ ಒಪ್ಪುವುದು ಕಷ್ಟ. ಅದೇನೇ ಇರಲಿ, ಸೋದರಮಾವನಾದ ತಿರುಮಲರಾಯನ ತರುವಾಯ ಅಬ್ಬಕ್ಕ ಪಟ್ಟವೇರಿದಳೆಂಬುದೇ ಇಲ್ಲಿ ಮುಖ್ಯ. ಈ ಮನೆಯ ಕೀಲಿಕೈ ಇರುವುದು ಆ ಅಳಿಯಸಂತಾನದ ಕ್ರಮದಲ್ಲಿ.

ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರು ಒಂದಾಗಿ ಆನೆಯಾಗಿರುವ ನವನಾರೀಕುಂಜರವೂ ಐವರು ಸೇರಿ ಕುದುರೆಯಾದ ಪಂಚನಾರೀತುರಗವೂ ಇವೆ. ಇಂತಹ ಸಂಯೋಜನೆಗಳು ಬೇರೆಡೆಯೂ ಉಂಟು. ಸ್ತ್ರೀಮೂಲದ ವಂಶದ ಮನೆಯಲ್ಲಿ ಇವು ಇರುವುದರಿಂದಲೇ ಅವಕ್ಕೆ ಅಳಿಯಸಂತಾನದ ಅರ್ಥವನ್ನು ಆರೋಪಿಸುವುದು ಚಮತ್ಕಾರವಾದೀತು, ಪ್ರಮಾಣವಾಗಲಾರದು.

ಪ್ರಮಾಣದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಅಳಿಯಸಂತಾನಕ್ಕೆ ಆಧಾರವೆಂದು ಬಹುಕಾಲ ಭೂತಾಳಪಾಂಡ್ಯನ ಹೆಸರಿನ ಕಟ್ಟುಕಟ್ಟಳೆಯನ್ನು ಮುಂದಿಡಲಾಗುತ್ತಿತ್ತು. ಹಸ್ತಪ್ರತಿಗಳಲ್ಲಿ ನುರಿತ ಎ. ಸಿ. ಬರ್ನೆಲ್ ಅದನ್ನು ಈಚಿನ ಕೃತಕ ರಚನೆಯೆಂದು ತಳ್ಳಿಹಾಕಿದನು. ಗ್ರಂಥ ಕೃತಕವಾದ ಮಾತ್ರಕ್ಕೆ ಆಚಾರ ಕೃತಕವಾಗದು. ಓಲೆಯಲ್ಲಿ ಬರೆದದ್ದೆಲ್ಲ ಪ್ರಾಚೀನವಲ್ಲ, ಓಲೆಗೆ ಏರದೆ ಉಳಿದ ಪ್ರಾಚೀನವೂ ಬಹಳ. ಚೌಟರ ವಂಶಕ್ರಮ ಅದಕ್ಕೆ ನಿದರ್ಶನ.

ಈ ಕ್ರಮದಲ್ಲಿ ಮನೆ ಯಾವ ಒಬ್ಬನದೂ ಅಲ್ಲ. ತಾಯಿಯ ಸಂತತಿಯವರೆಲ್ಲರಿಗೂ ಹಕ್ಕುಂಟು. ಯಜಮಾನನು ಪಾಲಕ ಮಾತ್ರ. ಒಬ್ಬನ ಇಚ್ಛೆಯಂತೆ ಪಾಲು ಬೇಡುವ ಹಕ್ಕಿಲ್ಲವೆಂದು 1863ರಲ್ಲಿ ಮದರಾಸು ಹೈಕೋರ್ಟು ತೀರ್ಪಿತ್ತಿತು. ಕೆಳದಿಯ ಅಧೀನತೆ, 1763ರ ಬಳಿಕ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆ, 1799ರಿಂದ ಕಂಪೆನಿ ಸರಕಾರ ಎಂದು ಅಧಿಕಾರ ಕೈಬದಲಾಯಿಸುತ್ತ ಹೋಯಿತು. ಚೌಟರಿಗೆ ಉಳಿದುದು ಸ್ವಲ್ಪ ಪಿಂಚಣಿ. ರಾಜ್ಯ ಹೋದಮೇಲೂ ಮನೆ ಮನೆಯಾಗಿ ಉಳಿಯಲು ಈ ಅವಿಭಾಜ್ಯತೆಯೇ ಮುಖ್ಯ ಕಾರಣವೆನ್ನಬಹುದು. ವಂಶಸ್ಥರು ಇಂದಿಗೂ ಅಲ್ಲಿ ವಾಸವಾಗಿದ್ದಾರೆ.

1949ರ ಮದರಾಸು ಅಳಿಯಸಂತಾನ ಕಾನೂನು ಕವರುಗಳಿಗೆ ವಿಭಾಗವನ್ನು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ವ್ಯಕ್ತಿಯ ಪಾಲನ್ನು ಅವನ ವಾರಸುದಾರರಿಗೆ ಇಳಿಯುವಂತೆ ಮಾಡಿತು. ಹೆಂಡತಿಮಕ್ಕಳಿಗೆ ಇದರಿಂದ ನ್ಯಾಯ ದೊರಕಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಗದ್ದೆಯನ್ನು ಅಳೆದು ಹಂಚಬಹುದು, ಕಂಬಕ್ಕೆ ಬೆಲೆ ಕಟ್ಟಬಹುದು. ಅಟ್ಟದ ಮೇಲಿನ ಕಡತವನ್ನೂ ಓಲೆಕಟ್ಟನ್ನೂ ಪಾಲುಪಟ್ಟಿಯಲ್ಲಿ ಯಾರು ಕೇಳುತ್ತಾರೆ? ಬೆಲೆಯಿಲ್ಲದ ವಸ್ತುವಿಗೆ ವಾರಸುದಾರನಿಲ್ಲ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ ಮೂಡಬಿದಿರೆಯ ಮಠ, ಬಸದಿ ಮೊದಲಾದ ಭಂಡಾರಗಳನ್ನು ಬೆಳಕಿಗೆ ತಂದಿತು. ಆ ಉಪಕಾರವನ್ನು ಮರೆಯುವಂತಿಲ್ಲ. ಶಾಸ್ತ್ರಗ್ರಂಥಗಳ ಸೂಚಿಯಾದುದರಿಂದ ಮನೆತನಗಳ ಲೆಕ್ಕದ ಕಡತ, ಗೇಣಿಚೀಟು, ಬಸದಿಗೆ ಬಿಟ್ಟ ಉಂಬಳಿಯ ಬರಹಗಳು ಅದರ ವ್ಯಾಪ್ತಿಗೆ ಸೇರಿದವಲ್ಲ. ಬಸದಿಗಳ ನಿತ್ಯಪೂಜೆಗೆ ಅಕ್ಕಿ ಯಾವ ಗದ್ದೆಯಿಂದ ಬರುತ್ತಿತ್ತು, ಓಲೆ ಬರೆಸಿದ ಶ್ರಾವಿಕೆ ಯಾವ ಮನೆಯವಳು ಎಂಬಿವನ್ನು ತಿಳಿಯಲು ಹುಡುಕಬೇಕಾದದ್ದು ಅಂತಹ ಬರಹಗಳಲ್ಲಿ. ಅರಸುಮನೆಗಳಷ್ಟೇ ಅಲ್ಲ, ಬೀಡುಗುತ್ತುಗಳ ಅಟ್ಟಗಳನ್ನೂ ಪಾಲುಪಟ್ಟಿಗೆ ಮೊದಲು ಒಮ್ಮೆ ಇಳಿಸಿ ನೋಡತಕ್ಕದ್ದು.