ನಾಲ್ಕು ಬಣ್ಣದ ಚಿತ್ತಾರ, 256 ಬಣ್ಣದ ಪರದೆ

ಸೊರಬ, ಶಿಕಾರಿಪುರ, ಸಾಗರ ಸೀಮೆಯ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ವಾಡಿಕೆ. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗೂ ಇದೇ ಅಲಂಕಾರ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಬಣ್ಣಗಳು ಇಷ್ಟೇ. ಕುಂಚ ಪುಂಡಿ ನಾರಿನದು. ಬರೆಯುವಾಕೆ ಮೊದಲು ಬಣ್ಣ ಸಿದ್ಧಪಡಿಸಿಕೊಂಡು, ಇರುವುದರಲ್ಲೇ ಚಿತ್ರ ಕಟ್ಟುತ್ತಾಳೆ. ಕಂಪ್ಯೂಟರಿನ ಪರದೆಯೂ ಬಹುಕಾಲ ಹೀಗೆ ಇರುವ ಬಣ್ಣದಲ್ಲೇ ಸಂಸಾರ ತೂಗಿಸಿದೆ.

ಪರದೆಯ ಚಿತ್ರವೆಂದರೆ ಚುಕ್ಕೆಗಳ ಸಮೂಹ. ಒಂದು ಚುಕ್ಕೆಗೆ ಎಷ್ಟು ಬಿಟ್ ಮೀಸಲು ಎಂಬುದೇ ಬಣ್ಣದ ಆಳ. ಒಂದು ಬಿಟ್ಟಿಗೆ ಎರಡು ಬಣ್ಣ, ಎರಡಕ್ಕೆ ನಾಲ್ಕು, ಎಂಟಕ್ಕೆ 256. ಲೆಕ್ಕಕ್ಕೆ ಹಿಡಿದರೆ ಹಸೆ ಚಿತ್ತಾರಕ್ಕೆ ಎರಡು ಬಿಟ್ ಸಾಕು. 640×480 ಚುಕ್ಕೆಗಳ ಪರದೆಗೆ 24 ಬಿಟ್ ಆಳ ಬೇಕೆಂದರೆ 9,21,600 ಬೈಟ್ ಮೆಮೊರಿ ಬೇಕು. ಎಂಟು ಬಿಟ್ಟಾದರೆ ಅದರ ಮೂರನೇ ಒಂದು ಪಾಲು.

ಮೆಮೊರಿ ದುಬಾರಿಯಾಗಿದ್ದ ಆ ದಿನಗಳಲ್ಲಿ ಹೊಳೆದ ಉಪಾಯವೇ ಬಣ್ಣದ ಪಟ್ಟಿ. ಇಲ್ಲಿ ಚುಕ್ಕೆಯಲ್ಲಿ ಬಣ್ಣವಿರುವುದಿಲ್ಲ, ಪಟ್ಟಿಯ ಕ್ರಮಸಂಖ್ಯೆ ಮಾತ್ರ ಇರುತ್ತದೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ ರೂಪಿಸಿದ ಸೂಪರ್‌ಪೇಂಟ್, ಸುಮಾರು 1.67 ಕೋಟಿ ಬಣ್ಣಗಳಿಂದ 256ನ್ನು ಆರಿಸಿಕೊಳ್ಳುತ್ತಿತ್ತು. 1987ರಲ್ಲಿ ಐಬಿಎಂ ತಂದ ವಿಜಿಎಯಲ್ಲಿ 2,62,144 ಬಣ್ಣಗಳಿಂದ 256ರ ಆಯ್ಕೆಗೆ ಅವಕಾಶವಿತ್ತು.

ಪಟ್ಟಿ ಒಂದೇ, ಬೇಡುವವರು ಹಲವರು. ಇಲ್ಲಿಯೇ ತಂತ್ರಾಂಶದ ಪಾತ್ರ ಬರುವುದು. ಪ್ರೋಗ್ರಾಂ ಮತ್ತು ಯಂತ್ರದ ನಡುವೆ ನಿಲ್ಲುವ ಡ್ರೈವರ್, ತನ್ನಲ್ಲಿ ಎಷ್ಟು ಬಣ್ಣವಿದೆ, ಪಟ್ಟಿ ಬದಲಿಸಬಹುದೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1990ರ ವಿಂಡೋಸ್ 3.0ರಲ್ಲಿ 256ರ ಪೈಕಿ 20 ಬಣ್ಣಗಳನ್ನು ವ್ಯವಸ್ಥೆಯೇ ತನಗಿಟ್ಟುಕೊಂಡಿತು. ಉಳಿದ 236ರಲ್ಲಿ ಮುಂದಿನ ಕಿಟಕಿಗೆ ಮೊದಲ ಹಕ್ಕು. ಹಿಂದಿನ ಕಿಟಕಿ ಹತ್ತಿರದ ಬಣ್ಣಕ್ಕೆ ತೃಪ್ತಿಪಡಬೇಕು. ಎರಡು ಚಿತ್ರ ತೆರೆದಾಗ ಒಂದರ ಬಣ್ಣ ಕೆಡುತ್ತಿದ್ದುದು ಇದರಿಂದಲೇ.

ಇದು ಬರೀ ಯಂತ್ರದ ತಾಪತ್ರಯವಲ್ಲ. ಹಸೆ ಗೋಡೆಯ ಫೋಟೋವನ್ನು ನೆನೆಯಿರಿ. ಬಣ್ಣ ನಾಲ್ಕೇ ಆದರೂ ಬಿಸಿಲು, ಹೊಗೆ, ತೇವಗಳಿಂದ ಕೆಮ್ಮಣ್ಣಿಗೆ ಹತ್ತಾರು ಛಾಯೆ. ಒಂದು ಕಾಲಕ್ಕೆ ಅಂತರ್ಜಾಲದ ಚಿತ್ರಗಳಿಗೆ ಬಳಕೆಯಲ್ಲಿದ್ದ 216 ಬಣ್ಣಗಳ ಸಿದ್ಧ ಪಟ್ಟಿಗೆ ಅದನ್ನು ಇಳಿಸಿದರೆ ಆ ಛಾಯೆಗಳು ನಾಲ್ಕಾರು ಪಟ್ಟೆಗಳಾಗಿ ಒಡೆಯುತ್ತವೆ. ಆ ಚಿತ್ರಕ್ಕೆಂದೇ ಆರಿಸಿದ 256ರ ಪಟ್ಟಿ ಸಿಕ್ಕರೆ ಹೆಚ್ಚಿನ ಸ್ಥಾನ ಕೆಂಪಿಗೇ ದೊರೆತು ಗೋಡೆ ಗೋಡೆಯಾಗಿಯೇ ಉಳಿಯುತ್ತದೆ. ಇಳಿಸಿದ ಪ್ರತಿಯಷ್ಟೇ ಉಳಿದಿದ್ದರೆ ಕಳೆದ ಛಾಯೆ ಮರಳಿ ಬಾರದು.

ಇಂದು ಚುಕ್ಕೆಗೆ 24 ಬಿಟ್ ಸಾಮಾನ್ಯವಾಗಿದೆ, ಪಟ್ಟಿಯ ಇಕ್ಕಟ್ಟು ಬಹುಮಟ್ಟಿಗೆ ತೀರಿದೆ. ಆದರೂ ಚಿತ್ರಕ್ಕೆ ಯಾವ ಬಣ್ಣ ಬೇಕೆಂಬುದನ್ನು ಚಿತ್ರವೇ ಹೇಳಬೇಕು, ಯಂತ್ರ ತನ್ನ ಶಕ್ತಿ ಎಷ್ಟೆಂದು ತಿಳಿಸಬೇಕು ಎಂಬ ಪಾಠ ಹಳತಾಗಿಲ್ಲ. ಮನೆಯ ಮಣ್ಣು, ಅಕ್ಕಿಗಳಿಂದಲೇ ಬಣ್ಣ ಹೊಂದಿಸಿಕೊಳ್ಳುವ ಮಲೆನಾಡಿನ ಹೆಂಗಸರಿಗೆ ಇದು ಹೊಸ ಪಾಠವೇನಲ್ಲ.