ಲಸಿಕೆಯ ಹಿಂಜರಿಕೆ

ಲಸಿಕೆ ಕೈಗೆಟಕುವ ದೂರದಲ್ಲೇ ಇದ್ದರೂ ಮಗುವಿಗೆ ಅದನ್ನು ಹಾಕಿಸುವುದನ್ನು ಮುಂದೂಡುವುದು, ಕೆಲವನ್ನು ಹಾಕಿಸಿ ಕೆಲವನ್ನು ಬಿಡುವುದು, ಇಲ್ಲವೇ ಬೇಡವೇ ಬೇಡ ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 2014ರಲ್ಲಿ ಇದಕ್ಕೆ ಮೂರು ಬೇರುಗಳನ್ನು ಗುರುತಿಸಿತು: ವಿಶ್ವಾಸ ಸಾಲದಿರುವುದು, ಆ ರೋಗ ನಮ್ಮ ಮನೆಗೆ ಬಂದೀತೇ ಎಂಬ ಉದಾಸೀನ, ಹಾಕಿಸಲು ಅನುಕೂಲ ಸಾಲದಿರುವುದು. 2019ರಲ್ಲಿ ಇದೇ ಸಂಸ್ಥೆ ಜಗತ್ತಿನ ಆರೋಗ್ಯಕ್ಕೆ ಎದುರಾಗಿರುವ ಹತ್ತು ಬೆದರಿಕೆಗಳಲ್ಲಿ ಇದನ್ನೂ ಸೇರಿಸಿತು. ಹಿಂಜರಿಯುವವರನ್ನೆಲ್ಲ ಲಸಿಕೆಯ ವಿರೋಧಿಗಳೆಂದು ಕರೆಯುವ ರೂಢಿಯಿದೆ, ಅದು ತಪ್ಪು. ಹಟ ಹಿಡಿದ ವಿರೋಧಿಗಳು ಕಡಿಮೆ. ಹೆಚ್ಚಿನವರು ಮಗುವನ್ನು ಮಡಿಲಲ್ಲಿಟ್ಟುಕೊಂಡು ಎರಡು ಭಯಗಳನ್ನು ತೂಗಿ ನೋಡುತ್ತಿರುವ ತಂದೆತಾಯಿಗಳು.

ಕರ್ನಾಟಕದ ಮನೆಗಳಲ್ಲಿ ಲಸಿಕೆಯ ಲೆಕ್ಕ ತಿಂಗಳ ಹೆಸರಿನಲ್ಲೇ ನಡೆಯುತ್ತದೆ. ಒಂದೂವರೆ ತಿಂಗಳ ಸೂಜಿ, ಎರಡೂವರೆಯದು, ಮೂರೂವರೆಯದು, ಒಂಬತ್ತು ತಿಂಗಳಿಗೆ ದಡಾರದ ಸೂಜಿ. ಒಂದೂವರೆ ತಿಂಗಳಿಗೆ ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೆ ಬಂದ ಬಾಣಂತಿಯ ಎದುರು ಏನೇನು ನಡೆಯುತ್ತದೆಂದು ಹತ್ತಿರದಿಂದ ನೋಡಬೇಕು. ಮಗುವಿನ ಬಾಯಿಗೆ ಪೋಲಿಯೋ ಹನಿ, ಹಿಂದೆಯೇ ರೋಟಾವೈರಸ್ ಲಸಿಕೆ. ಎಡತೊಡೆಗೆ ಐದು ರೋಗಗಳ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋಕಾಕಲ್, ಬಲತೋಳಿನ ಚರ್ಮದ ಪದರದೊಳಗೆ ಪೋಲಿಯೋ ಚುಚ್ಚುಮದ್ದು. ಮಗು ಒದ್ದಾಡದಂತೆ ಕಾಲನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾದವಳು ತಾಯಿಯೇ. ಸಂಜೆಗೆ ಮೈ ಕಾವೇರುತ್ತದೆ, ತೊಡೆ ಗಂಟು ಕಟ್ಟುತ್ತದೆ, ರಾತ್ರಿಯಿಡೀ ಅಳು. "ಚೆನ್ನಾಗಿದ್ದ ಮಗೂಗೆ ಜ್ವರ ಬರಿಸ್ಕೊಂಡು ಬಂದ್ಯಲ್ಲ" ಎಂದು ಮನೆಯ ಹಿರಿಯರೊಬ್ಬರು ಅಂದರೆ ಅವಳ ಬಳಿ ಉತ್ತರವಿರುವುದಿಲ್ಲ. ಸೂಜಿ ಕಣ್ಣಿಗೆ ಕಂಡಿದೆ, ಜ್ವರ ಕೈಗೆ ಸಿಕ್ಕಿದೆ. ಆ ಸೂಜಿ ತಡೆದ ಗಂಟಲಮಾರಿಯನ್ನಾಗಲಿ ನಾಯಿಕೆಮ್ಮನ್ನಾಗಲಿ ಅವಳು ಹುಟ್ಟಿದಾಗಿನಿಂದ ನೋಡಿಲ್ಲ.

ಈ ಜ್ವರದ ಬಹುಪಾಲು ಪೆಂಟಾವೇಲೆಂಟಿನ ಒಳಗಿರುವ ನಾಯಿಕೆಮ್ಮಿನ ಲಸಿಕೆಯದು. ಅದರಲ್ಲಿ ಸತ್ತ ಬ್ಯಾಕ್ಟೀರಿಯಾ ಇಡಿಯಾಗಿ ಇರುತ್ತದೆ, ದೇಹ ಅದಕ್ಕೆ ಜೋರಾಗಿಯೇ ಪ್ರತಿಕ್ರಿಯಿಸುತ್ತದೆ. ಪೇಟೆಯ ಖಾಸಗಿ ಆಸ್ಪತ್ರೆಗಳಲ್ಲಿ 'ಪೇನ್‌ಲೆಸ್' ಎಂದು ಕೇಳಿ ಹಾಕಿಸಿಕೊಳ್ಳುವ ಸೂಜಿಯಲ್ಲಿ ಆ ಬ್ಯಾಕ್ಟೀರಿಯಾದ ಕೆಲವು ಭಾಗಗಳಷ್ಟೇ ಇರುತ್ತವೆ. ಜ್ವರ ಕಡಿಮೆ, ಆದರೆ ರಕ್ಷಣೆ ಬೇಗ ಇಳಿಯುತ್ತದೆ. ಅಂಗನವಾಡಿಯ ಸೂಜಿ ಅಗ್ಗದ್ದು, ಆದ್ದರಿಂದ ಕಳಪೆ ಎಂದು ನೊಂದುಕೊಳ್ಳುವ ಬಡ ತಾಯಂದಿರಿಗೆ ಈ ಮಾತನ್ನು ಯಾರಾದರೂ ಬಿಡಿಸಿ ಹೇಳಬೇಕು.

ಮಾಡಿದ್ದರ ಭಯ, ಮಾಡದೆ ಬಿಟ್ಟಿದ್ದರ ಭಯ

ಈ ತೂಗಾಟ ಲಸಿಕೆಗಿಂತಲೂ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ನಾಲ್ಕು ವರ್ಷದ ಮಗನನ್ನು ಸಿಡುಬಿನಿಂದ ಕಳೆದುಕೊಂಡ. ಆಗ ಜೆನ್ನರ್‌ನ ಸಿಡುಬಿನ ಲಸಿಕೆ ಇನ್ನೂ ಬಂದಿರಲಿಲ್ಲ. ಸಿಡುಬಿನ ಗುಳ್ಳೆಯ ಕೀವನ್ನೇ ಚರ್ಮಕ್ಕೆ ತಾಗಿಸಿ ಹಗುರವಾದ ರೋಗ ಬರಿಸುವ ಪದ್ಧತಿಯಿತ್ತು, ಅದರಲ್ಲಿ ಸಾವಿನ ಅಪಾಯವೂ ಇತ್ತು. ಫ್ರಾಂಕ್ಲಿನ್ ಆ ಪದ್ಧತಿಯ ಪರವಾಗಿದ್ದವನು. ಹಾಗಿದ್ದೂ ಮಗನಿಗೆ ಹಾಕಿಸುವುದು ತಡವಾಗಿತ್ತು. ಹಾಕಿಸಿದ್ದರಿಂದಲೇ ಹುಡುಗ ಸತ್ತನೆಂಬ ಗಾಳಿಮಾತು ಹಬ್ಬಿದಾಗ ತನ್ನ ಪತ್ರಿಕೆಯಲ್ಲಿ ಅದನ್ನು ಅಲ್ಲಗಳೆದ. ವರ್ಷಗಳ ನಂತರ ಆತ್ಮಕಥೆಯಲ್ಲಿ ಈ ಸಂಗತಿಯನ್ನು ತಂದೆತಾಯಿಗಳಿಗಾಗಿಯೇ ದಾಖಲಿಸಿದ: ಹಾಕಿಸಿ ಮಗು ಹೋದರೂ ಹಾಕಿಸದೆ ಹೋದರೂ ಸಂಕಟ ಒಂದೇ, ಹಾಗಾಗಿ ಯಾವುದರಲ್ಲಿ ಅಪಾಯ ಕಡಿಮೆಯೋ ಅದನ್ನೇ ಆರಿಸಿಕೊಳ್ಳಬೇಕು ಎನ್ನುವುದು ಅವನ ಮಾತಿನ ಸಾರ.

ಆದರೆ ಮನಸ್ಸು ಎರಡೂ ಸಂಕಟಗಳನ್ನು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಇಲಾನಾ ರಿಟೊವ್ ಮತ್ತು ಜೊನಾಥನ್ ಬ್ಯಾರನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಲ್ಪಿತ ರೋಗವಿತ್ತು: ಹತ್ತು ಸಾವಿರ ಮಕ್ಕಳಲ್ಲಿ ಹತ್ತು ಮಕ್ಕಳು ಅದರಿಂದ ಸಾಯುತ್ತಾರೆ. ಅದನ್ನು ತಡೆಯುವ ಲಸಿಕೆಯಿಂದಲೂ ಕೆಲವು ಸಾವು ಸಂಭವಿಸಬಹುದಾದರೆ ಎಷ್ಟರವರೆಗೆ ಒಪ್ಪುತ್ತೀರಿ ಎಂಬುದು ಪ್ರಶ್ನೆ. ಅನೇಕರು ಹತ್ತಕ್ಕಿಂತ ತೀರ ಕಡಿಮೆಯ ಸಂಖ್ಯೆ ಹೇಳಿದರು, ಒಂದೂ ಕೂಡದು ಎಂದವರೂ ಇದ್ದರು. ರೋಗ ಕೊಂದರೆ ವಿಧಿ, ನಾನು ಹಾಕಿಸಿದ್ದು ಕೊಂದರೆ ಪಾಪ. ಮಾಡದೆ ಬಿಟ್ಟಿದ್ದರ ಹೊಣೆ ಹಗುರ ಅನ್ನಿಸುವ ಈ ಒಲವು ಮೂಢರದ್ದೆಂದು ತಳ್ಳಿಹಾಕುವಂಥದ್ದಲ್ಲ, ಪ್ರೀತಿಯ ಒಳಗೇ ಅದು ಇದೆ.

ನಿಜವಾದ ಅಂಕಿಗಳಿಗೂ ಕಲ್ಪಿತ ಪ್ರಶ್ನೆಗೂ ಅಜಗಜಾಂತರ. ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತವಾಗುತ್ತದೆ. ಅಪರೂಪಕ್ಕೆ, ರೋಗ ವಾಸಿಯಾಗಿ ಏಳೆಂಟು ವರ್ಷ ಕಳೆದ ಮೇಲೆ ಶಾಲೆಗೆ ಹೋಗುತ್ತಿರುವ ಮಗು ಓದಿದ್ದನ್ನು ಮರೆಯತೊಡಗುತ್ತದೆ, ಕೈಕಾಲು ಥಟ್ಟನೆ ಅದುರುತ್ತವೆ. ಎಸ್‌ಎಸ್‌ಪಿಇ ಎಂಬ ಈ ಕಾಯಿಲೆಗೆ ಸಿಕ್ಕ ಮಕ್ಕಳು ಬದುಕುವುದು ತೀರಾ ವಿರಳ. ಇನ್ನೊಂದು ಕಡೆ, ದಡಾರದ ಲಸಿಕೆಯಿಂದ ಪ್ರಾಣಾಂತಿಕವಾಗಬಲ್ಲ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು. ಅದಕ್ಕಾಗಿಯೇ ಸೂಜಿ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುವುದು. ಲಸಿಕೆಗೆ ಅಪಾಯವೇ ಇಲ್ಲ ಎನ್ನುವವರು ಉಪಕಾರ ಮಾಡುತ್ತಿಲ್ಲ. 1955ರಲ್ಲಿ ಅಮೆರಿಕದ ಕಟರ್ ಕಂಪನಿಯ ಪೋಲಿಯೋ ಲಸಿಕೆಯಲ್ಲಿ ಜೀವಂತ ವೈರಸ್ ಉಳಿದುಹೋಗಿ ಮಕ್ಕಳಿಗೆ ಪಾರ್ಶ್ವವಾಯು ತಗುಲಿತು. 1999ರಲ್ಲಿ ಅಲ್ಲಿಯದೇ ಒಂದು ರೋಟಾವೈರಸ್ ಲಸಿಕೆ ಕರುಳು ಮಡಚಿಕೊಳ್ಳುವ ತೊಂದರೆಯಿಂದಾಗಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಇವು ಬೆಳಕಿಗೆ ಬಂದದ್ದು ಯಾರೋ ಎಣಿಸುತ್ತಿದ್ದರು ಎಂಬ ಕಾರಣಕ್ಕೆ.

ಹೆದರಿಕೆಯ ಅಲೆಗಳು

ಬ್ರಿಟನ್ನಿನಲ್ಲಿ 1974ರಲ್ಲಿ ನಾಯಿಕೆಮ್ಮಿನ ಲಸಿಕೆಗೂ ಮಿದುಳಿನ ಹಾನಿಗೂ ಸಂಬಂಧ ಕಲ್ಪಿಸುವ ವರದಿ ಬಂತು. ಟಿವಿ, ಪತ್ರಿಕೆಗಳು ಅದನ್ನು ಹೊತ್ತವು. ನೂರರಲ್ಲಿ ಎಂಬತ್ತರ ಹತ್ತಿರವಿದ್ದ ಲಸಿಕೆಯ ಪ್ರಮಾಣ ನಾಲ್ಕೇ ವರ್ಷಗಳಲ್ಲಿ ಮೂವತ್ತರ ಸಮೀಪಕ್ಕೆ ಕುಸಿಯಿತು. ಹಿಂದೆಯೇ ಬಂದ ಸಾಂಕ್ರಾಮಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ಹತ್ತಿತು. ಜಪಾನಿನಲ್ಲಿ ಲಸಿಕೆ ಪಡೆದ ಇಬ್ಬರು ಮಕ್ಕಳು ಸತ್ತ ಬಳಿಕ 1975ರಲ್ಲಿ ಸರ್ಕಾರ ಅದನ್ನು ಕೆಲಕಾಲ ನಿಲ್ಲಿಸಿತು. ಮತ್ತೆ ಆರಂಭಿಸಿದರೂ ಜನ ಬರಲಿಲ್ಲ. 1979ರ ಒಂದೇ ವರ್ಷ ಹದಿಮೂರು ಸಾವಿರ ಪ್ರಕರಣ, 41 ಸಾವು. ಆದರೆ ಈ ಎರಡೂ ದೇಶಗಳು ಹೆದರಿಕೆಯಿಂದ ಏನನ್ನೋ ಕಲಿತವು. ಜಪಾನ್ ಜ್ವರ ಕಡಿಮೆ ಬರಿಸುವ ಹೊಸ ಲಸಿಕೆಯನ್ನು 1981ರಲ್ಲಿ ಬಳಕೆಗೆ ತಂದಿತು. ಲಸಿಕೆಯಿಂದ ಹಾನಿಗೊಳಗಾದವರಿಗೆ ಹಣ ಕೊಡುವ ಕಾನೂನನ್ನು ಬ್ರಿಟನ್ 1979ರಲ್ಲಿ ಮಾಡಿತು.

1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 'ಲ್ಯಾನ್ಸೆಟ್'ನಲ್ಲಿ ಹನ್ನೆರಡು ಮಕ್ಕಳ ವಿವರವಿದ್ದ ಲೇಖನ ಪ್ರಕಟಿಸಿ, ದಡಾರ-ಮಂಗನಬಾವು-ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಬಿತ್ತಿದರು. 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ವೇಕ್‌ಫೀಲ್ಡ್ ವೈದ್ಯನಾಗಿ ಕೆಲಸ ಮಾಡುವ ಹಕ್ಕು ಕಳೆದುಕೊಂಡ. ಡೆನ್ಮಾರ್ಕಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಅನುಸರಿಸಿದ 2002ರ ಅಧ್ಯಯನ, ಆರೂವರೆ ಲಕ್ಷ ಮಕ್ಕಳ 2019ರ ಅಧ್ಯಯನ, ಎರಡರಲ್ಲೂ ಯಾವ ನಂಟೂ ಕಾಣಲಿಲ್ಲ. ಆದರೂ ಶಂಕೆ ಬದುಕಿದೆ. ಮಗು ಮಾತು ಕಲಿಯಬೇಕಾದ ವಯಸ್ಸು, ಆಟಿಸಂನ ಲಕ್ಷಣಗಳು ಮನೆಯವರ ಗಮನಕ್ಕೆ ಬರುವ ವಯಸ್ಸು, ಈ ಲಸಿಕೆಯ ವಯಸ್ಸು, ಮೂರೂ ಹೆಚ್ಚುಕಡಿಮೆ ಒಂದೇ. ಕಾರಣಕ್ಕಾಗಿ ಹಪಹಪಿಸುವ ತಾಯಿಗೆ ಹಿಂದಿನ ತಿಂಗಳು ಹಾಕಿಸಿದ ಸೂಜಿಯೇ ನೆನಪಾಗುತ್ತದೆ.

ಮೈಸೂರಿನ ಚಿತ್ರ

ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರ ಜೂನ್‌ನಲ್ಲಿ, ಬಾಗ್ದಾದ್ ಮತ್ತು ಬಸ್ರಾ ಮಾರ್ಗವಾಗಿ ಮುಂಬಯಿಗೆ. ಆಗ ಶೀತಲ ಪೆಟ್ಟಿಗೆಗಳಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದರ ತೋಳಿಗೆ ಹಾಕುತ್ತ ಊರಿಂದೂರಿಗೆ ಸಾಗಿಸಬೇಕಿತ್ತು. ಯಾವ ಮನೆಯ, ಯಾವ ಜಾತಿಯ ಮಗುವಿನ ರಸವೋ ಎಂಬ ಅಳುಕು ಒಂದು ಕಡೆ. ಸಿಡುಬೆಂದರೆ ಅಮ್ಮ ಮೈಮೇಲೆ ಬಂದದ್ದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ತಣಿಸಬೇಕಾದವಳನ್ನು ತಡೆಯುವುದು ಹೇಗೆ ಎಂಬ ದಿಗಿಲು ಇನ್ನೊಂದು ಕಡೆ.

ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಇವರು ಮೈಸೂರು ಅರಮನೆಯವರು, ನಡುವೆ ಇರುವವರು ರಾಣಿ ಲಕ್ಷ್ಮಮ್ಮಣ್ಣಿ, ಅಕ್ಕಪಕ್ಕ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ಪತ್ನಿಯರು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಈ ಗುರುತನ್ನು ಒಪ್ಪದವರೂ ಇದ್ದಾರೆ. ಒಪ್ಪಿದರೆ ಚಿತ್ರದ ಅರ್ಥ ಬಿಚ್ಚಿಕೊಳ್ಳುತ್ತದೆ: ಕಿರಿಯ ರಾಣಿ ದೇವಾಜಮ್ಮಣ್ಣಿ ಸೀರೆ ಸರಿಸಿ, ಲಸಿಕೆ ಹಾಕಿದ ತೋಳಿನ ಕಡೆಗೆ ಕೈ ತೋರುತ್ತಿದ್ದಾರೆ. ಅರಮನೆಯ ಹುಡುಗಿಗೆ ಹಾಕಿಸಿದ್ದನ್ನು ಕೇಳಿ ಜನ ಮುಂದೆ ಬಂದರೆಂದು 1806ರ ದಾಖಲೆಯೊಂದು ಹೇಳುತ್ತದೆ.

ನಂಬಿಕೆ ಕೂಡುವುದು, ಮುರಿಯುವುದು

ಉತ್ತರ ಪ್ರದೇಶ ಮತ್ತು ಬಿಹಾರದಲ್ಲಿ ಪೋಲಿಯೋ ಹನಿ ಮಕ್ಕಳಾಗದಂತೆ ಮಾಡುತ್ತದೆ ಎಂಬ ಮಾತು ಬಹುಕಾಲ ಓಡಾಡಿತು. ತುರ್ತುಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು ಕಂಡಿದ್ದ ಜನರಿಗೆ ಸರ್ಕಾರಿ ನೌಕರನೊಬ್ಬ ಮಗುವಿನ ಬಾಯಿಗೆ ಪುಕ್ಕಟೆ ಏನನ್ನೋ ಹಾಕಲು ಮತ್ತೆ ಮತ್ತೆ ಬಾಗಿಲಿಗೆ ಬರುವುದು ಅನುಮಾನ ಹುಟ್ಟಿಸಿದರೆ ಅಚ್ಚರಿಯೇನು? ಚರಂಡಿಯಿಲ್ಲ, ಕುಡಿಯುವ ನೀರಿಲ್ಲ, ಭೇದಿಗೆ ಔಷಧವಿಲ್ಲ, ಹನಿ ಮಾತ್ರ ತಪ್ಪದೆ ಬರುತ್ತದೆ ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆ ಊರಿನವರೇ ಆದ ಹೆಂಗಸರು ಮನೆಮನೆಗೆ ಹೋಗಿ ಕೂತು ಮಾತಾಡಿದ ಮೇಲೆ, ಮೌಲ್ವಿಗಳು ಮುಂದೆ ನಿಂತ ಮೇಲೆ ಬಾಗಿಲುಗಳು ತೆರೆದವು. 2009ರಲ್ಲಿ ದೇಶದಲ್ಲಿ 741 ಪೋಲಿಯೋ ಪ್ರಕರಣಗಳಿದ್ದವು. ಕೊನೆಯದು 2011ರ ಜನವರಿ 13ರಂದು, ಹೌರಾದ ಪುಟ್ಟ ಹುಡುಗಿಯದು.

ಆಗ ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ 2009-10ರಲ್ಲಿ ನಡೆದ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ ಇದಕ್ಕೆ ತಿರುಗುಮುರುಗು. ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ಸತ್ತರು, ಆ ಸಾವುಗಳಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ತನಿಖೆ ಹೇಳಿತು. ಆದರೆ ಹಾಸ್ಟೆಲಿನಲ್ಲಿದ್ದ ಹುಡುಗಿಯರ ಪರವಾಗಿ ಒಪ್ಪಿಗೆ ಪತ್ರಕ್ಕೆ ವಾರ್ಡನ್‌ಗಳೇ ಸಹಿ ಹಾಕಿದ್ದು ಹೊರಬಿತ್ತು. ಹೆತ್ತವರನ್ನು ಕೇಳದೆ ಮುಂದುವರಿದ ಆ ತಪ್ಪು ಒಂದು ಒಳ್ಳೆಯ ಲಸಿಕೆಯನ್ನು ವರ್ಷಗಟ್ಟಲೆ ಹಿಂದಕ್ಕೆ ತಳ್ಳಿತು.

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಮೊದಲೇ ಹಾಕಿಸಿದವರಿಗೂ ಇನ್ನೊಂದು ಡೋಸ್. ಶಾಲೆಯಿಂದ ಚೀಟಿ ಬಂದ ಹೊತ್ತಿಗೆ ವಾಟ್ಸಾಪಿನಲ್ಲಿ ವದಂತಿಗಳು ಆಗಲೇ ಬಂದಿದ್ದವು. ಹಾಕಿಸಿದ್ದನ್ನೇ ಮತ್ತೇಕೆ ಎಂಬ ಸರಳ ಪ್ರಶ್ನೆಗೆ ಸರಳ ಉತ್ತರವಿತ್ತು: ಮೊದಲ ಡೋಸ್ ಕೆಲವು ಮಕ್ಕಳಲ್ಲಿ ಹತ್ತುವುದಿಲ್ಲ, ದಡಾರ ತಡೆಯಲು ನೂರರಲ್ಲಿ ತೊಂಬತ್ತೈದು ಮಕ್ಕಳಿಗಾದರೂ ರಕ್ಷಣೆ ಇರಬೇಕು. ಅದನ್ನು ವದಂತಿಗಿಂತ ಮೊದಲು ಮನೆಗೆ ಮುಟ್ಟಿಸಬೇಕಿತ್ತು. ದೆಹಲಿಯಲ್ಲಿ ಇಂಥದೇ ಅಭಿಯಾನದ ಬಗ್ಗೆ 2019ರ ಜನವರಿಯಲ್ಲಿ ಹೈಕೋರ್ಟ್ ಪೋಷಕರ ಒಪ್ಪಿಗೆ ಬೇಕೇ ಬೇಕು ಎಂದಿತು.

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಇದೇ ಲಸಿಕೆ ಪಡೆದ ಮೂರು ಹಸುಗೂಸುಗಳು ತೀರಿಕೊಂಡವು. ಲಸಿಕೆಯನ್ನು ಇಡುವುದರಲ್ಲಿ ಆದ ನಿರ್ಲಕ್ಷ್ಯದ ಕಡೆ ಆರಂಭಿಕ ವಿಚಾರಣೆ ಬೆರಳು ತೋರಿತು, ಸಿಬ್ಬಂದಿ ಅಮಾನತಾದರು. ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಕೆಡದಂತೆ ಕಾಯುವ ರಾಸಾಯನಿಕ ಅದರಲ್ಲಿಲ್ಲ, ಬ್ಯಾಕ್ಟೀರಿಯಾ ಸೇರಿದರೆ ವಿಷವಾಗುತ್ತದೆ. ತಪ್ಪು ಲಸಿಕೆಯದಲ್ಲ, ಕೈಯದು ಎಂದು ವೈದ್ಯಶಾಸ್ತ್ರ ಬೇರ್ಪಡಿಸಿ ಹೇಳುತ್ತದೆ. ಮಗುವನ್ನು ಮಣ್ಣು ಮಾಡಿ ಬಂದ ಮನೆಗೆ, ಆ ಊರಿನ ಉಳಿದ ಮನೆಗಳಿಗೆ, ಆ ವ್ಯತ್ಯಾಸ ಏನನ್ನೂ ಹಗುರ ಮಾಡುವುದಿಲ್ಲ. ಅಲ್ಲಿ ಉಳಿದಿರುವ ದಾರಿ ಒಂದೇ, ಆದದ್ದನ್ನು ಮುಚ್ಚದೆ ಅವರ ಎದುರು ಕೂತು ಹೇಳುವುದು.

ಪೋಷಕರು ತಾವೇ ನೋಡಿ ತಿಳಿಯಬಹುದಾದ ಒಂದು ಗುರುತು ಬಹುತೇಕ ಲಸಿಕೆಯ ಶೀಶೆಗಳ ಮೇಲಿದೆ. ಒಂದು ವೃತ್ತ, ಅದರೊಳಗೊಂದು ಚೌಕ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತಕ್ಕಿಂತ ಚೌಕ ತಿಳಿಯಾಗಿದ್ದರೆ ಬಳಸಬಹುದು, ಎರಡರ ಬಣ್ಣ ಒಂದಾದರೆ ಬಿಸಾಡಬೇಕು. ಶೀಶೆ ತೋರಿಸಿ ಸಿಸ್ಟರ್ ಎಂದು ಕೇಳುವ ತಾಯಿಯನ್ನು ಗದರದೆ ತೋರಿಸುವ ಸಿಸ್ಟರ್ ಇರುವ ಊರಿನಲ್ಲಿ ವದಂತಿಗೆ ಜಾಗ ಕಡಿಮೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಭಾರತದ ಶೇ. 62ರಷ್ಟು ಮಕ್ಕಳು ಪೂರ್ಣ ಲಸಿಕೆ ಪಡೆದಿದ್ದರು, ಐದನೆಯದರಲ್ಲಿ ಶೇ. 76. ಉಳಿದ ಮಕ್ಕಳಲ್ಲಿ ಅನೇಕರು ಮೊದಲ ಸೂಜಿಗೆ ಬಂದು ಮುಂದಿನದಕ್ಕೆ ಬಾರದವರು. ಪೆಂಟಾವೇಲೆಂಟಿನ ಮೊದಲ ಡೋಸಿಗೂ ಮೂರನೆಯದಕ್ಕೂ ನಡುವೆ ಎಷ್ಟು ಮಕ್ಕಳು ಬಿಟ್ಟುಹೋದರೆಂದು ಇಲಾಖೆ ಪ್ರತ್ಯೇಕವಾಗಿ ಲೆಕ್ಕ ಇಡುತ್ತದೆ. ಸೂಜಿ ಹಾಕಿದ ಮೇಲೆ ಕಾರ್ಯಕರ್ತೆ ನಾಲ್ಕು ಮಾತು ಹೇಳಬೇಕೆಂಬ ನಿಯಮವಿದೆ: ಯಾವ ಲಸಿಕೆ ಹಾಕಿದೆ ಮತ್ತು ಯಾವ ರೋಗಕ್ಕೆ, ಏನೇನು ತೊಂದರೆ ಕಾಣಬಹುದು ಮತ್ತು ಆಗ ಏನು ಮಾಡಬೇಕು, ಮುಂದೆ ಯಾವತ್ತು ಬರಬೇಕು, ಕಾರ್ಡನ್ನು ಜೋಪಾನವಾಗಿಡಿ. ಸಾಲು ಉದ್ದವಿರುವ ದಿನ ಎರಡನೆಯ ಮಾತು ಬಿಟ್ಟುಹೋಗುತ್ತದೆ. ಜ್ವರ ಬರುತ್ತದೆಂದು ಮೊದಲೇ ಕೇಳಿಸಿಕೊಂಡ ತಾಯಿ ಆ ರಾತ್ರಿ ಪ್ಯಾರಾಸಿಟಮಾಲ್ ಹನಿ ಕೊಟ್ಟು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಎದೆಹಾಲು ಕುಡಿಸುತ್ತ ಬೆಳಗು ಮಾಡುತ್ತಾಳೆ. ಕೇಳಿಸಿಕೊಳ್ಳದವಳು ಅದೇ ಜ್ವರದ ಎದುರು ಒಬ್ಬಳೇ ಕೂತಿರುತ್ತಾಳೆ, ನಾಲ್ಕು ವಾರದ ನಂತರ ಆಶಾ ಕಾರ್ಯಕರ್ತೆ ಕರೆಯಲು ಬಂದಾಗ ಮಗು ಮಲಗಿದೆ ಎನ್ನುತ್ತಾಳೆ.