ಬಿಗಿದಾಗ ಬೆಳಗುವ ಬಣ್ಣ: ಮಿರಜಿನ ಕಫಪರೀಕ್ಷೆಯ ನೆಲೆಯಲ್ಲಿ ಆರಮೈನ್

ಅಥಣಿ, ರಾಯಬಾಗ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ಬೇನೆ ಕೈಮೀರಿತೆಂದರೆ 'ಮಿರಜಿಗೆ ಒಯ್ಯೂಣು' ಎಂಬ ಮಾತು ಹೊರಡುತ್ತದೆ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಈ ಊರಿನಲ್ಲಿ ಮಿಶನ್ ಆಸ್ಪತ್ರೆ ತೆರೆದರು. ಸಾಂಗಲಿ-ಮಿರಜ ನಡುವಿನ ವಾನ್ಲೆಸ್‌ವಾಡಿಗೆ ಆ ಹೆಸರು ಬಂದದ್ದು ಅವರ ಕ್ಷಯರೋಗಧಾಮದಿಂದ. ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 1962ರಲ್ಲಿ. ಪ್ರತಿದೀಪ್ತ ಬಣ್ಣಗಳ ಚರಿತ್ರೆಯನ್ನು ಜರ್ಮನಿಯ ಬಣ್ಣದ ಕಾರ್ಖಾನೆಗಳಿಂದ ಶುರುಮಾಡುವುದು ವಾಡಿಕೆ. ಆದರೆ ಅವುಗಳ ಬೆಲೆ ತಿಳಿಯಬೇಕಾದರೆ ಇಂಥ ಊರಿನ ಕ್ಷಯಪರೀಕ್ಷೆಯ ಕಫದ ಸ್ಲೈಡಿನಿಂದ ಹೊರಡುವುದೇ ಸರಿಯೆಂದು ನಾನು ಇಲ್ಲಿ ವಾದಿಸುತ್ತೇನೆ.

ಒಂದು ಬಣ್ಣದ ಬೆಳಕನ್ನು ನುಂಗಿ, ಅದರಲ್ಲಿ ಸ್ವಲ್ಪ ಶಕ್ತಿ ಕಳೆದುಕೊಂಡು, ಉಳಿದದ್ದನ್ನು ಹೆಚ್ಚಿನ ತರಂಗಾಂತರದ ಬೆಳಕಾಗಿ ಹೊರಬಿಡುವ ಗುಣವೇ ಪ್ರತಿದೀಪ್ತಿ. ಜಾರ್ಜ್ ಸ್ಟೋಕ್ಸ್ 1852ರಲ್ಲಿ ಇದನ್ನು ವಿವರಿಸಿದ. ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫ್ಲೋರೆಸೀನ್ ಎಂಬ ಬಣ್ಣ ತಯಾರಿಸಿದ. ಶಾಲೆಯ ಪ್ರಯೋಗಾಲಯದಲ್ಲಿ ನಾವೆಲ್ಲ ಬಳಸಿದ ಫಿನಾಲ್ಫ್‌ಥಲೀನ್ ಇದರ ಹತ್ತಿರದ ಬಂಧು. ಎರಡಕ್ಕೂ ಇರುವ ಮುಖ್ಯ ಅಂತರ ಒಂದು ಆಮ್ಲಜನಕದ ಸೇತುವೆ. ಫ್ಲೋರೆಸೀನಿನ ಎರಡು ಉಂಗುರಗಳನ್ನು ಆ ಸೇತುವೆ ಬಿಗಿಹಿಡಿದಿರುವುದರಿಂದ ಅದು ಹಸಿರಾಗಿ ಹೊಳೆಯುತ್ತದೆ. ಸೇತುವೆಯಿಲ್ಲದ ಫಿನಾಲ್ಫ್‌ಥಲೀನ್ ಗುಲಾಬಿಯಾದರೂ ಹೊಳೆಯುವುದಿಲ್ಲ. ಅಲ್ಲಾಡಲು ಬಿಟ್ಟರೆ ಅಣು ನುಂಗಿದ ಶಕ್ತಿಯನ್ನು ಅಲ್ಲಾಟದಲ್ಲೇ ಕಳೆದುಬಿಡುತ್ತದೆ.

ರಸಾಯನಶಾಸ್ತ್ರಜ್ಞರಾದ ಕಾರೋ ಮತ್ತು ಕೆರ್ನ್ 1883ರಲ್ಲಿ ರೂಪಿಸಿದ ಹಳದಿ ಬಣ್ಣ ಆರಮೈನ್ ಇದೇ ಸೂತ್ರಕ್ಕೆ ಒಳಪಟ್ಟದ್ದು, ಆದರೆ ಅದರ ಬಿಗಿತ ಹೊರಗಿನಿಂದ ಬರಬೇಕು. ನೀರಿನಲ್ಲಿ ಕರಗಿದಾಗ ಅದರ ಎರಡು ರೆಕ್ಕೆಗಳು ತಿರುಗುತ್ತಲೇ ಇರುತ್ತವೆ, ಹೊಳಪು ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿಯಾದ ಅಥವಾ ಮಂದವಾದ ಆಸರೆಯಲ್ಲಿ ಸಿಕ್ಕಿಕೊಂಡರೆ ಬೆಳಗತೊಡಗುತ್ತದೆ. ಕ್ಷಯದ ದಂಡಾಣುವಿನ ಗೋಡೆ ಅಂಥದೊಂದು ಆಸರೆ: ಅದು ಮೈಕೋಲಿಕ್ ಆಮ್ಲಗಳಿಂದ ಮೇಣದಂತೆ ದಟ್ಟವಾಗಿದೆ. ಒಮ್ಮೆ ಒಳಹೊಕ್ಕ ಬಣ್ಣವನ್ನು ಅದು ಆಮ್ಲ ಸುರಿದರೂ ಬಿಟ್ಟುಕೊಡುವುದಿಲ್ಲ.

ಸ್ಲೈಡಿನ ಕೆಲಸವನ್ನು ಹತ್ತಿರದಿಂದ ನೋಡೋಣ. ಕಫದಲ್ಲಿ ಕೀವಿನಂತೆ ಹಳದಿಗಟ್ಟಿದ ಭಾಗವನ್ನು ಆರಿಸಿ ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಿಸಿ ತಾಗಿಸುತ್ತಾರೆ. ಶೇ. 0.1ರ ಆರಮೈನ್-ಫಿನಾಲ್ ದ್ರಾವಣವನ್ನು ಸುರಿದು ಸುಮಾರು 20 ನಿಮಿಷ ಬಿಟ್ಟು ತೊಳೆಯುತ್ತಾರೆ. ಆಮೇಲೆ ಆಮ್ಲ ಬೆರೆಸಿದ ಆಲ್ಕೊಹಾಲ್. ದಂಡಾಣುವನ್ನುಳಿದು ಎಲ್ಲೆಡೆಯ ಬಣ್ಣ ಇಳಿದುಹೋಗುತ್ತದೆ. ಕೊನೆಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಒಂದೇ ನಿಮಿಷ, ಹಿನ್ನೆಲೆಯನ್ನು ಕಪ್ಪಾಗಿಸಲು. ನೀಲಿ ಬೆಳಕಿನಲ್ಲಿ ಇಣುಕಿದರೆ ಅಮಾವಾಸ್ಯೆಯ ಆಕಾಶದಲ್ಲಿ ಚುಕ್ಕಿ ಕಂಡಂತೆ ಸಣ್ಣ ಹಳದಿ ಕಡ್ಡಿಗಳು. ಈ ಹೊಳಪು ಬಾಳಿಕೆಯದ್ದಲ್ಲ. ಸ್ಲೈಡನ್ನು ಕತ್ತಲಲ್ಲಿಟ್ಟು ಒಂದು ದಿನದೊಳಗೆ ಓದಿ ಮುಗಿಸಬೇಕು.

ಹಳೆಯ ಝೀಲ್-ನೀಲ್ಸನ್ ವಿಧಾನದಲ್ಲಿ ಕೆಂಪು ದಂಡಾಣುಗಳನ್ನು ಎಣ್ಣೆಯ ಹನಿಯಿಟ್ಟು 100 ಪಟ್ಟಿನ ಮಸೂರದಲ್ಲಿ ಹುಡುಕಬೇಕು. ಆರಮೈನಿಗೆ 20 ಪಟ್ಟಿನ ಮಸೂರ ಸಾಕು. ಅಂದರೆ ಒಂದು ನೋಟಕ್ಕೆ ಸುಮಾರು 25 ಪಟ್ಟು ಹೆಚ್ಚು ಜಾಗ ಸಿಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ನೋಡಿದ 2006ರ ಸಮೀಕ್ಷೆಯು ರೋಗಿಗಳನ್ನು ಗುರುತಿಸುವಲ್ಲಿ ಪ್ರತಿದೀಪ್ತಿ ವಿಧಾನ ಸರಾಸರಿ ಶೇ. 10ರಷ್ಟು ಮುಂದಿದೆ ಎಂದು ಕಂಡುಕೊಂಡಿತು. ಹಾಗಿದ್ದೂ ಸಣ್ಣ ಪ್ರಯೋಗಾಲಯಗಳಿಗೆ ಇದು ದಶಕಗಳ ಕಾಲ ಎಟುಕಲಿಲ್ಲ. ತಡೆದದ್ದು ಬಣ್ಣವಲ್ಲ, ದೀಪ. ಪಾದರಸದ ದೀಪ ದುಬಾರಿ, ಕೆಲವು ನೂರು ಗಂಟೆಗಳಲ್ಲೇ ಅದರ ಆಯುಷ್ಯ ಮುಗಿಯುತ್ತದೆ, ಕತ್ತಲೆಕೋಣೆಯೂ ಬೇಕು. ಎಲ್‌ಇಡಿ ಬಂದ ಮೇಲೆ ಈ ತೊಡಕು ಕಳೆಯಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅದನ್ನು ಶಿಫಾರಸು ಮಾಡಿತು.

ಆರಮೈನಿಗೆ ಮಿತಿಗಳಿವೆ. ಸತ್ತ ದಂಡಾಣುವೂ ಬದುಕಿರುವುದರಷ್ಟೇ ಬೆಳಗುತ್ತದೆ. ಔಷಧಿಗೆ ಮಣಿಯುವುದೋ ಇಲ್ಲವೋ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ದಂಡಾಣುವಿನ ವಂಶವಾಹಿಯನ್ನು ಪರೀಕ್ಷಿಸುವ ಸಿಬಿನ್ಯಾಟ್ ಯಂತ್ರ ಬೇಕು. ಆ ಯಂತ್ರವೂ ವಂಶವಾಹಿಗೆ ಅಂಟಿಕೊಂಡಾಗ ಹೊಳೆಯುವ ಪ್ರತಿದೀಪ್ತ ಬಣ್ಣಗಳನ್ನೇ ಓದುತ್ತದೆ ಎಂಬುದನ್ನು ಮರೆಯಬಾರದು.

ಇದೇ ಸೀಮೆಯಲ್ಲಿ ಈ ಬಗೆಯ ಬಣ್ಣಗಳು ಬೇರೆ ಕೆಲಸಗಳಲ್ಲೂ ಇವೆ. ಕಬ್ಬಿನ ರವದಿ ತಾಗಿ ಕಣ್ಣು ಕೆರೆದುಕೊಂಡ ರೈತನ ಕಣ್ಣಿಗೆ ವೈದ್ಯರು ಫ್ಲೋರೆಸೀನ್ ಮುಟ್ಟಿಸಿದರೆ ಗಾಯ ಹಸಿರಾಗಿ ಕಾಣುತ್ತದೆ. ಅರಿವೆಗೆ ಬಿಳುಪು ಕೊಡಲು ಮನೆಮನೆಯಲ್ಲಿ ಬಳಸಿದ ಟಿನೊಪಾಲ್, ಅತಿನೇರಳೆಯನ್ನು ನುಂಗಿ ನೀಲಿಯನ್ನು ಉಗುಳುವ ಬಣ್ಣ. ಸಾಂಗಲಿಯ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅದರ ಕರ್ಕ್ಯುಮಿನ್ ತಾನಾಗಿಯೇ ಹೊಳೆಯುವಂಥದ್ದು. ಹಾಗೆಂದು ಹೊಳಪೊಂದನ್ನೇ ನಂಬಿ ಅರಿಸಿನವನ್ನು ಶುದ್ಧವೆನ್ನಲಾಗದು. ಬೆರಕೆಯ ಮೆಟಾನಿಲ್ ಹಳದಿಯನ್ನು ಹಿಡಿಯಲು ಆಮ್ಲದ ಪರೀಕ್ಷೆಯೇ ಬೇಕು.

ಸಂಕಟದ ಸಂಗತಿಯೆಂದರೆ ಆರಮೈನೂ ಮಿಠಾಯಿಗಳಲ್ಲಿ ಕಳ್ಳದಾರಿಯಿಂದ ಸೇರುತ್ತದೆ. ಅದು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಅದರ ತಯಾರಿಕೆಯ ಕೆಲಸವಂತೂ ಕ್ಯಾನ್ಸರಿಗೆ ಖಚಿತ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ. ಇನ್ನೊಂದು ಪ್ರತಿದೀಪ್ತ ಬಣ್ಣ ರೋಡಮಿನ್-ಬಿ ಬೆರೆತ ಬೊಂಬಾಯಿ ಮಿಠಾಯಿಯನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಪ್ರಯೋಗಾಲಯದಲ್ಲಿ ಆರಮೈನ್ ಬಳಸುವವರಿಗೂ ಕೈಗವಸು ಕಡ್ಡಾಯವಾಗಬೇಕು.

ಮತ್ತೆ ಕಫಕ್ಕೇ ಬರುತ್ತೇನೆ, ಏಕೆಂದರೆ ಬಣ್ಣ ಎಷ್ಟು ಒಳ್ಳೆಯದಾದರೂ ಸ್ಲೈಡಿನಲ್ಲಿ ಇಲ್ಲದ ದಂಡಾಣುವನ್ನು ಅದು ತೋರಿಸಲಾರದು. ಡಬ್ಬಿ ಕೈಗೆ ಕೊಟ್ಟು ಮರಾಠಿಯಲ್ಲಿ 'ಥುಂಕೀ' ಎಂದರೆ ಕನ್ನಡದ ಮುದುಕಿ ಉಗುಳಿಯೇ ಕೊಡುತ್ತಾಳೆ. ಬೇಕಾದದ್ದು ಎಂಜಲಲ್ಲ; ಮುಂಜಾನೆ ಎದ್ದು ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯೊಳಗಿನಿಂದ ಕೆಮ್ಮಿ ತೆಗೆದ ಕಫ. ಈ ಒಂದು ಸಾಲನ್ನು ಸಾಂಗಲಿ ಜಿಲ್ಲೆಯ ಪ್ರತಿ ಕಫದ ಡಬ್ಬಿಯ ಮೇಲೆ ಮರಾಠಿಯ ಜೊತೆಗೆ ಕನ್ನಡದಲ್ಲೂ ಅಚ್ಚು ಹಾಕಿಸಬೇಕೆಂದು ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಕ್ಷಯ ನಿಯಂತ್ರಣ ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ.